ಎಳೆ ಕುದುರೆಗೆ ನೆಲದ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಿಂದ ಸ್ವಲ್ಪ ಆಚೆ ನಮ್ಮ ತೋಟ. ಅಲ್ಲಿ ಮೂರು ಕುದುರೆ ಇವೆ. ಚಿಕ್ಕದರ ಹೆಸರು ಚುಕ್ಕಿ. ಕಾಠಿಯಾವಾಡಿ ಮಿಶ್ರ ತಳಿಯ ಹೆಣ್ಣು ಕುದುರೆ, ಹಣೆಯಲ್ಲಿ ರೂಪಾಯಿ ಅಗಲದ ಬಿಳಿ ಮಚ್ಚೆ. ನಮ್ಮಲ್ಲಿಗೆ ಬಂದಾಗ ಅವಳಿಗೆ ಒಂದೂವರೆ ವರ್ಷ. ಹಗ್ಗ ಕಂಡರೆ ಸಾಕು, ಲಾಯದ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವಳನ್ನು ನೋಡಲು ಬಂದವರು, ಹೊಸದಾಗಿ ಮರಿ ತಂದು ಫೋನ್ ಮಾಡುವವರು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು. ಉತ್ತರಗಳಲ್ಲಿ ಅರ್ಧದಷ್ಟು ನಾನು ತಪ್ಪು ಮಾಡಿ ಕಲಿತವು.

ನೆಲದ ಪಾಠ ಅಂದ್ರೆ ಏನು?

ಬೆನ್ನು ಹತ್ತುವುದಕ್ಕೆ ಮುಂಚೆ, ನಾವು ನೆಲದ ಮೇಲೆ ನಿಂತು ಕುದುರೆಗೆ ಕಲಿಸುವುದೆಲ್ಲ ನೆಲದ ಪಾಠ. ಸವಾರಿ ಶಾಲೆಗಳಲ್ಲಿ ಗ್ರೌಂಡ್‌ವರ್ಕ್ ಅನ್ನುತ್ತಾರೆ. ಮೈ ಮುಟ್ಟಿಸಿಕೊಳ್ಳುವುದು, ಹಾಲ್ಟರ್ ಅನ್ನುವ ಮುಖಪಟ್ಟಿ ಹಾಕಿಸಿಕೊಳ್ಳುವುದು, ಹಗ್ಗ ಹಿಡಿದಾಗ ಪಕ್ಕದಲ್ಲಿ ನಡೆಯುವುದು, ನಿಲ್ಲು ಅಂದರೆ ನಿಲ್ಲುವುದು, ಹಿಂದೆ ಸರಿಯುವುದು, ಕಾಲು ಎತ್ತಿ ಕೊಡುವುದು, ಕಟ್ಟಿದರೆ ಸುಮ್ಮನೆ ನಿಂತಿರುವುದು. ಇಷ್ಟು ಬಂದರೆ ಡಾಕ್ಟರು ಸೂಜಿ ಚುಚ್ಚಬಹುದು, ಲಾಳ ಕಟ್ಟುವವನು ಬಂದರೆ ಊರು ಸೇರಿಸಬೇಕಿಲ್ಲ. ಮುಂದೆ ಯಾರೂ ಸವಾರಿ ಮಾಡದೇ ಇದ್ದರೂ ಈ ಪಾಠ ಬೇಕೇ ಬೇಕು.

ಯಾವ ವಯಸ್ಸಿಗೆ ಶುರು ಮಾಡಬೇಕು?

ಮುಟ್ಟುವುದು, ಹಾಲ್ಟರ್ ಹಾಕುವುದು, ನಾಲ್ಕು ಹೆಜ್ಜೆ ನಡೆಸುವುದನ್ನು ತಾಯಿ ಜೊತೆ ಇರುವಾಗಲೇ ಶುರು ಮಾಡಬಹುದು. ಮರಿಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಅಷ್ಟರೊಳಗೆ ಮನುಷ್ಯರ ಕೈ ಅಂದರೆ ಭಯವಿಲ್ಲ ಅನ್ನುವುದು ಅದಕ್ಕೆ ಗೊತ್ತಾಗಿದ್ದರೆ ಮುಂದಿನ ಕೆಲಸ ಸಲೀಸು.

ಆದರೆ ಮೈ ದಂಡಿಸುವ ಕೆಲಸಕ್ಕೆ ಆತುರ ಬೇಡ. ಕುದುರೆಯ ಮೂಳೆ ಕೆಳಗಿನಿಂದ ಮೇಲಕ್ಕೆ ಬಲಿಯುತ್ತಾ ಬರುತ್ತದೆ. ಗೊರಸಿನ ಹತ್ತಿರದ ಮೂಳೆಗಳ ಬೆಳವಣಿಗೆ ಹೆಚ್ಚುಕಡಿಮೆ ಮೊದಲ ವರ್ಷದಲ್ಲಿ ಮುಗಿದರೆ, ಮುಂಗಾಲಿನ ಮಂಡಿಯ ಮೇಲ್ಭಾಗಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ಬೆನ್ನುಮೂಳೆ ಪೂರ್ತಿ ಬಲಿಯುವ ಹೊತ್ತಿಗೆ ಐದಾರು ವರ್ಷ. ಎರಡು ವರ್ಷದ ಕುದುರೆ ನೋಡುವುದಕ್ಕೆ ದೊಡ್ಡದಾಗಿ ಕಾಣುತ್ತದೆ. ಒಳಗೆ ಇನ್ನೂ ಮಗು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವ ಗಾದೆಯನ್ನು ಈ ವಿಷಯದಲ್ಲಿ ನನಗೆ ಬೇಕಾದಷ್ಟು ಜನ ಹೇಳಿದ್ದಾರೆ. ಗಾದೆ ಸರಿಯೇ. ಆದರೆ ಅದನ್ನು ಹೇಳಿದವರಲ್ಲಿ ಜಾಸ್ತಿ ಜನ ಗಿಡ ಬಗ್ಗಿಸುತ್ತಿರಲಿಲ್ಲ, ಮುರಿಯುತ್ತಿದ್ದರು.

ಇನ್ನೊಂದು ಮಾತು. ಮಾರುವವರು ಹೇಳಿದ ವಯಸ್ಸು ನಂಬಬೇಡಿ. ಮುಂದಿನ ನಡು ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು, ದುಡ್ಡು ಕೊಟ್ಟು ತಂದ ಕುದುರೆಯದ್ದು ಎಣಿಸಲೇಬೇಕು. ಹಲ್ಲು ಬದಲಾಗುವ ಆ ತಿಂಗಳುಗಳಲ್ಲಿ ಬಾಯಿ ನೋಯುತ್ತಿರುತ್ತದೆ. ಇದ್ದಕ್ಕಿದ್ದಂತೆ ಮುಖ ಮುಟ್ಟಿಸಿಕೊಳ್ಳಲು ಒಪ್ಪದಿದ್ದರೆ ಹಟ ಅಂದುಕೊಳ್ಳುವ ಮೊದಲು ಬಾಯಿ ತೋರಿಸಿ.

ಏನೇನು ಸಾಮಾನು ಬೇಕು?

ಜಾಸ್ತಿ ಏನಿಲ್ಲ. ಮುಖಕ್ಕೆ ಸರಿಯಾಗಿ ಕೂರುವ ಒಂದು ಹಾಲ್ಟರ್, ಅಂದರೆ ಬಾಯಿಗೆ ಕಬ್ಬಿಣದ ಕಡಿವಾಣ ಇಲ್ಲದ ಮುಖಪಟ್ಟಿ. ಹತ್ತು ಹನ್ನೆರಡು ಅಡಿ ಉದ್ದದ, ಹೆಬ್ಬೆರಳು ದಪ್ಪದ ಹತ್ತಿ ಹಗ್ಗ. ನೈಲಾನ್ ಬೇಡ, ಜಾರಿದರೆ ಅಂಗೈ ಸುಟ್ಟುಹೋಗುತ್ತದೆ. ಕೈಗೆ ಗವಸು, ಕಾಲಿಗೆ ಗಟ್ಟಿ ಬೂಟು, ತಲೆಗೆ ಹೆಲ್ಮೆಟ್. ನೆಲದ ಮೇಲೇ ಇರುತ್ತೇವಲ್ಲ, ಹೆಲ್ಮೆಟ್ ಯಾಕೆ ಅನ್ನುತ್ತಾರೆ. ಕುದುರೆ ಒದೆಯುವುದು ನೆಲದ ಮೇಲೆ ಇರುವವರಿಗೇ ಅಲ್ವಾ?

ಒಂದೇ ಒಂದು ಕಟ್ಟುನಿಟ್ಟು: ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಉಳಿದ ಹಗ್ಗವನ್ನು ಹಾವಿನಂತೆ ಹಿಂದೆ ಮುಂದೆ ಮಡಚಿ, ಮಡಿಕೆಯನ್ನು ಹೊರಗಿನಿಂದ ಹಿಡಿಯಿರಿ. ಸುತ್ತಿಕೊಂಡ ಹಗ್ಗ ಬಿಗಿದರೆ ಬೆರಳು ಹೋಗುತ್ತದೆ, ಇಲ್ಲವೇ ಕುದುರೆಯ ಹಿಂದೆ ನೀವು ಹೋಗುತ್ತೀರಿ.

ಹತ್ತಿರ ಹೋದರೆ ಓಡಿಹೋಗುತ್ತದೆ. ಮೊದಲ ದಿನ ಏನು ಮಾಡಲಿ?

ಏನೂ ಮಾಡಬೇಡಿ. ಒಂದು ಬಕೆಟ್ ಬೋರಲು ಹಾಕಿ, ಆವರಣದೊಳಗೆ ಅದರ ಮೇಲೆ ಕೂತುಕೊಳ್ಳಿ. ಕುದುರೆ ಕಡೆ ನೇರ ನೋಡಬೇಡಿ. ಫೋನ್ ನೋಡಿ, ಹಾಡು ಗುನುಗಿ, ಏನಾದರೂ ಸರಿ.

ಕುದುರೆ ಬೇಟೆಯಾಗುವ ಪ್ರಾಣಿ. ಅದರ ಕಣ್ಣು ತಲೆಯ ಪಕ್ಕದಲ್ಲಿವೆ. ಸುಮಾರು 350 ಡಿಗ್ರಿ ಸುತ್ತಲೂ ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಮೂಗಿನ ತುದಿಯ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ. ನಾವು ಎರಡು ಕಣ್ಣನ್ನೂ ಅದರ ಮೇಲೆ ನೆಟ್ಟು, ಕೈ ಚಾಚಿ, ನೇರವಾಗಿ ನಡೆದು ಹೋದರೆ ಚಿರತೆ ಬರುವುದೂ ಹಾಗೇ. ಆದ್ದರಿಂದ ಹೋಗುವಾಗ ಭುಜದ ಕಡೆಗೆ, ಸ್ವಲ್ಪ ಓರೆಯಾಗಿ, ನಿಧಾನಕ್ಕೆ ಹೋಗಿ. ಅದು ತಲೆ ಎತ್ತಿ ಕಿವಿ ನೆಟ್ಟಗೆ ಮಾಡಿದ ಕೂಡಲೇ ನಿಲ್ಲಿ. ತಲೆ ಇಳಿಸಿದ ಕೂಡಲೇ ನೀವೇ ತಿರುಗಿ ಎರಡು ಹೆಜ್ಜೆ ದೂರ ಹೋಗಿ.

ಚುಕ್ಕಿಯ ವಿಷಯದಲ್ಲಿ ಇದಕ್ಕೆ ಒಂಬತ್ತು ದಿನ ಹಿಡಿಯಿತು. ಒಂಬತ್ತನೇ ದಿನ ನಾನು ಬಕೆಟ್ ಮೇಲೆ ಕೂತು ಹುಣಸೆಕಾಯಿ ತಿನ್ನುತ್ತಿದ್ದೆ. ಕುತ್ತಿಗೆಯ ಹಿಂದೆ ಬಿಸಿ ಉಸಿರು ಬಿತ್ತು. ತಿರುಗಲಿಲ್ಲ. ಅವಳು ನನ್ನ ಕಾಲರ್ ಮೂಸಿ, ಅದನ್ನು ತುಟಿಯಲ್ಲಿ ಒಂದು ಸಲ ಎಳೆದು ನೋಡಿ ಹೋದಳು. ಮಾರನೇ ದಿನ ಕುತ್ತಿಗೆ ಮುಟ್ಟಲು ಬಿಟ್ಟಳು.

ಮೊದಲು ಮುಟ್ಟಬೇಕಾದ ಜಾಗ ಮೂಗಲ್ಲ. ಕುತ್ತಿಗೆ ಬೆನ್ನಿಗೆ ಸೇರುವ ಕಡೆ ಒಂದು ಉಬ್ಬು ಇದೆಯಲ್ಲ, ಅಲ್ಲಿ. ಕುದುರೆಗಳು ಒಂದಕ್ಕೊಂದು ಹಲ್ಲಿನಲ್ಲಿ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಅವುಗಳ ಎದೆಬಡಿತ ಇಳಿಯುತ್ತದೆ ಎಂದು ಅಳೆದೇ ನೋಡಿದ್ದಾರೆ. ತಟ್ಟಬೇಡಿ, ಕೆರೆಯಿರಿ. ಮೇಲ್ತುಟಿ ಉದ್ದವಾಗಿ ಚಾಚಿ ನಡುಗಿಸಲು ಶುರು ಮಾಡಿದರೆ ಸರಿಯಾದ ಜಾಗ ಸಿಕ್ಕಿತು ಎಂದರ್ಥ.

ಒತ್ತು, ಬಿಡು ಅನ್ನುತ್ತೀರಲ್ಲ, ಅದೇನು?

ಇಡೀ ಕಲಿಸುವಿಕೆ ಇದೊಂದರ ಮೇಲೆ ನಿಂತಿದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹಾಲ್ಟರ್ ಹಾಕಿ ಹಗ್ಗವನ್ನು ಮೆಲ್ಲಗೆ ಎಡಕ್ಕೆ ಎಳೆದಿರಿ ಅಂತಿಟ್ಟುಕೊಳ್ಳಿ. ಎಳೆ ಕುದುರೆ ಮೊದಲು ಮಾಡುವುದು ಬಲಕ್ಕೆ ಜಗ್ಗುವುದು. ಅದು ಅದರ ಹುಟ್ಟುಗುಣ. ಒತ್ತಿದ ಕಡೆಗೇ ತಿರುಗಿ ಒತ್ತುತ್ತದೆ. ನೀವು ಜೋರಾಗಿ ಎಳೆದರೆ ಅದು ಇನ್ನೂ ಜೋರಾಗಿ ಎಳೆಯುತ್ತದೆ. ಎರಡು ವರ್ಷದ ಕುದುರೆ 250 ಕಿಲೋ ಮೇಲೆಯೇ ತೂಗುತ್ತದೆ. ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ಅಂತ ಲೆಕ್ಕ ಹಾಕಿ.

ಅದರ ಬದಲು, ಎಳೆತವನ್ನು ಹೆಚ್ಚಿಸಬೇಡಿ, ಬಿಡಲೂಬೇಡಿ. ಹಗ್ಗದ ಬಿಗಿ ಹಾಗೇ ಇರಲಿ. ಕಾಯಿರಿ. ಐದು ಸೆಕೆಂಡೋ ಐವತ್ತೋ. ಕುದುರೆ ಬಲಕ್ಕೆ ಜಗ್ಗಿ ನೋಡುತ್ತದೆ, ತಲೆ ಎತ್ತಿ ನೋಡುತ್ತದೆ. ಕೊನೆಗೆ ಯಾವಾಗಲೋ ಮೂಗು ಎಡಕ್ಕೆ ಒಂದು ಬೆರಳಿನಷ್ಟು ಬರುತ್ತದೆ. ಆ ಕ್ಷಣಕ್ಕೆ ಹಗ್ಗ ಪೂರ್ತಿ ಸಡಿಲ ಬಿಡಿ. ಒಂದು ಸೆಕೆಂಡ್ ತಡವಾದರೂ ಕುದುರೆಗೆ ಯಾವುದಕ್ಕೆ ಬಿಟ್ಟಿರಿ ಅನ್ನುವುದು ಗೊತ್ತಾಗುವುದಿಲ್ಲ. ಮತ್ತೆ ಎಳೆಯಿರಿ, ಮತ್ತೆ ಕಾಯಿರಿ, ಮತ್ತೆ ಬಿಡಿ. ನಾಲ್ಕನೇ ಸಲಕ್ಕೆ ಹಗ್ಗ ಬಿಗಿಯುವ ಮುಂಚೆಯೇ ಮೂಗು ಬಂದಿರುತ್ತದೆ.

ಎಳೆತ ಏನನ್ನೂ ಕಲಿಸುವುದಿಲ್ಲ. ಅದು ಬರೀ ಪ್ರಶ್ನೆ. ಕಲಿಸುವುದು ಸಡಿಲ. ಈ ಮಾತು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಹಗ್ಗ ಕೈಗೆ ಕೊಟ್ಟರೆ ಬಿಡುವುದಕ್ಕೇ ಮನಸ್ಸು ಬರುವುದಿಲ್ಲ. ಕುದುರೆ ಒಂದಿಂಚು ಕೊಟ್ಟರೆ ಇನ್ನೊಂದು ಇಂಚು ಇರಲಿ ಅಂತ ಎಳೆದೇ ಇರುತ್ತಾರೆ. ಕುದುರೆಗೆ ಅದರಿಂದ ಅರ್ಥವಾಗುವುದು ಇಷ್ಟೇ: ಕೊಟ್ಟರೂ ಇವನು ಬಿಡುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಕುದುರೆ ಎಗರಾಡಿದಾಗ ಹೆದರಿ ಹಗ್ಗ ಬಿಟ್ಟರೆ, ಎಗರಾಡಿದರೆ ಬಿಡುಗಡೆ ಅನ್ನುವ ಪಾಠವನ್ನೂ ಅದು ಅಷ್ಟೇ ಚೆನ್ನಾಗಿ ಕಲಿಯುತ್ತದೆ. ಹಾಗಂತ ಜೀವ ಕೊಟ್ಟು ಹಿಡಿಯಬೇಕಿಲ್ಲ. ನಿಭಾಯಿಸಲು ಆಗದಷ್ಟು ದೊಡ್ಡ ಪ್ರಶ್ನೆ ಕೇಳಬೇಡಿ, ಅಷ್ಟೇ.

ನಡೆಸುವಾಗ ಒಂದೋ ನನ್ನನ್ನೇ ಎಳೆದುಕೊಂಡು ಹೋಗುತ್ತದೆ, ಇಲ್ಲ ಕಲ್ಲಿನ ಹಾಗೆ ನಿಂತುಬಿಡುತ್ತದೆ.

ನೀವು ನಿಂತಿರುವ ಜಾಗ ನೋಡಿಕೊಳ್ಳಿ. ಕುದುರೆಯ ಮುಂದೆ ನಿಂತು, ಅದರ ಮುಖ ನೋಡುತ್ತಾ ಎಳೆದರೆ ಅದು ಬರುವುದಿಲ್ಲ. ಮುಖ ನೋಡಿ ಎದುರು ನಿಲ್ಲುವುದು ಕುದುರೆ ಭಾಷೆಯಲ್ಲಿ "ಬರಬೇಡ" ಅಂದಂತೆ. ಅದರ ಕುತ್ತಿಗೆಗೂ ಭುಜಕ್ಕೂ ನಡುವೆ, ಒಂದು ತೋಳಿನಷ್ಟು ದೂರದಲ್ಲಿ, ನೀವೂ ಮುಂದಕ್ಕೇ ಮುಖ ಮಾಡಿ ನಿಲ್ಲಿ. ಹೋಗಬೇಕಾದ ಕಡೆ ನೋಡಿ, ಉಸಿರು ತೆಗೆದುಕೊಂಡು ಹೊರಡಿ.

ಬರದಿದ್ದರೆ ನೇರ ಎಳೆಯಬೇಡಿ, ಪಕ್ಕಕ್ಕೆ ಎಳೆಯಿರಿ. ಮುಂಗಾಲು ಒಂದು ಹೆಜ್ಜೆ ಪಕ್ಕಕ್ಕೆ ಬಂತು ಅಂದರೆ ನಿಂತ ಬೇರು ಕಿತ್ತಂತೆ. ಮರಿಯಾದರೆ ಹಿಂದಿನಿಂದ ಮೆತ್ತನೆಯ ಹಗ್ಗ ಬಳಸಿ ತೊಡೆಯ ಹಿಂಭಾಗಕ್ಕೆ ಒಂದು ಉರುಳು ಹಾಕಿ ಮುಂದಕ್ಕೆ ತರುವ ಹಳೆಯ ಕ್ರಮವೂ ಇದೆ. ಕುತ್ತಿಗೆಗೆ ಜಗ್ಗುವುದಕ್ಕಿಂತ ಅದು ಎಷ್ಟೋ ವಾಸಿ. ಮರಿಗಳ ಕುತ್ತಿಗೆ ನಾಜೂಕು.

ನುಗ್ಗುವ ಕುದುರೆಗೆ ತಿರುಗಿ ಜಗ್ಗಿ ಪ್ರಯೋಜನವಿಲ್ಲ. ಅದು ಮುಂದೆ ಹೋದ ಕೂಡಲೇ ನೀವು ಹಿಂದಕ್ಕೆ ತಿರುಗಿ ನಡೆಯಿರಿ. ಪ್ರತಿ ಸಲ. ಮೊದಲ ದಿನ ಹತ್ತು ನಿಮಿಷದಲ್ಲಿ ಇಪ್ಪತ್ತು ಗಜವೂ ದಾಟಿರುವುದಿಲ್ಲ, ಅಕ್ಕಪಕ್ಕದವರು ನಗುತ್ತಾರೆ. ನಗಲಿ.

ಎಡಗಡೆಯಿಂದ ಮಾತ್ರ ನಡೆಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಬಲದಿಂದಲೂ ಕಲಿಸಿ. ಎಡದಿಂದ ಕಲಿತದ್ದನ್ನು ಬಲದಿಂದ ಮೊದಲಿಂದ ಕಲಿಸಬೇಕು ಅನ್ನುವಷ್ಟು ಹೊಸದಾಗಿ ಕಾಣುತ್ತದೆ ಅದಕ್ಕೆ.

ಯಾವ ಮಾತು ಬಳಸಬೇಕು? ಇಂಗ್ಲಿಷಾ, ಕನ್ನಡವಾ?

ಕುದುರೆಗೆ ಎರಡೂ ಒಂದೇ. ನಡೆಯಲು ನಾಲಿಗೆಯಲ್ಲಿ ಚಟ್ ಚಟ್, ನಿಲ್ಲಲು ಉದ್ದವಾಗಿ "ಹೋ". ಎತ್ತಿನ ಗಾಡಿ ಹೊಡೆದವರ ಮನೆಯಲ್ಲಿ ಇದನ್ನು ಹೇಳಿಕೊಡಬೇಕಿಲ್ಲ. ಮನೆಯವರೆಲ್ಲ ಒಂದೇ ಸದ್ದು ಬಳಸಿದರೆ ಸಾಕು.

ಆದರೆ ಮಾತಿಗಿಂತ ಮುಂಚೆ ಅದು ನಿಮ್ಮ ಮೈಯನ್ನು ಓದಿರುತ್ತದೆ. ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಲೆಕ್ಕ ಮಾಡುತ್ತದೆ ಎಂದು 1904ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಪ್ರಶ್ನೆ ಕೇಳಿದರೆ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಅನ್ನುವವರು ಕೂತು ಪರೀಕ್ಷೆ ಮಾಡಿದಾಗ ಗುಟ್ಟು ಹೊರಬಿತ್ತು. ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಎಣಿಕೆ ಬಂದಾಗ ಕೇಳುವವರ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದು ಆ ಕುದುರೆಗೆ ಸಾಕಾಗಿತ್ತು. ಲೆಕ್ಕ ಬರುತ್ತಿರಲಿಲ್ಲ, ನಿಜ. ಆದರೆ ಎದುರಿಗಿದ್ದವರಿಗೇ ಗೊತ್ತಿಲ್ಲದ ಅವರ ಅಲುಗಾಟ ಅದಕ್ಕೆ ಗೊತ್ತಾಗುತ್ತಿತ್ತು. ನೀವು ಒಳಗೊಳಗೇ ಹೆದರಿ ಹೊರಗೆ "ಹೋ ಹೋ" ಅಂದರೆ ಅದು ಯಾವುದನ್ನು ನಂಬುತ್ತದೆ ಹೇಳಿ.

ಹಿಂದೆ ಸರಿಯುವುದು, ಹಿಂಭಾಗ ತಿರುಗಿಸುವುದು ಯಾಕೆ ಬೇಕು? ನಾನೇನು ಸರ್ಕಸ್ ಮಾಡಿಸಬೇಕಾ?

ಕುದುರೆಯ ಎಂಜಿನ್ ಇರುವುದು ಹಿಂದೆ. ಓಡುವುದು, ಎಗರುವುದು, ಒದೆಯುವುದು ಎಲ್ಲಕ್ಕೂ ಬಲ ಬರುವುದು ಹಿಂಗಾಲಿನಿಂದ. ಒಂದು ಹಿಂಗಾಲು ಇನ್ನೊಂದರ ಮುಂದೆ ಅಡ್ಡ ದಾಟಿತು ಅಂದರೆ ಆ ಬಲ ಕಡಿದುಹೋಗುತ್ತದೆ. ಅದಕ್ಕೇ ಇದನ್ನು ಮೊದಲು ಕಲಿಸುತ್ತೇವೆ. ಪಕ್ಕದಲ್ಲಿ ನಿಂತು, ಮೂಗನ್ನು ಸ್ವಲ್ಪ ನಿಮ್ಮ ಕಡೆ ತಂದು, ಮುಂದೆ ಸವಾರಿ ಮಾಡುವಾಗ ನಿಮ್ಮ ಹಿಮ್ಮಡಿ ತಾಗುವ ಪಕ್ಕೆಯ ಜಾಗವನ್ನು ಎರಡು ಬೆರಳಲ್ಲಿ ಒತ್ತಿ. ಹಿಂಭಾಗ ಒಂದು ಹೆಜ್ಜೆ ಆಚೆ ಸರಿದರೆ ಬಿಡಿ. ಮುಂದೊಂದು ದಿನ ಸವಾರಿ ಮಾಡುವಾಗ ಕುದುರೆ ಬೆದರಿದರೆ ಇದೇ ನಿಮ್ಮ ಬ್ರೇಕು.

ಹಿಂದೆ ಸರಿಯುವುದು ಬೇಕಾಗುವುದು ಬಾಗಿಲಲ್ಲಿ. ಮೇವಿನ ಬುಟ್ಟಿ ಹಿಡಿದು ಲಾಯಕ್ಕೆ ಹೋದಾಗ ಮೈಮೇಲೆ ನುಗ್ಗದೆ ಎರಡು ಹೆಜ್ಜೆ ಹಿಂದೆ ನಿಲ್ಲಬೇಕಲ್ಲ.

ಕಚ್ಚುತ್ತದೆ.

ಬೆಲ್ಲ ನಿಲ್ಲಿಸಿ.

ನಮ್ಮ ಕಡೆ ಕುದುರೆ ಕಂಡರೆ ಕೈಯಲ್ಲಿ ಬೆಲ್ಲ ಹಿಡಿದು ಬರುವವರೇ ಜಾಸ್ತಿ. ಪ್ರೀತಿಯಿಂದಲೇ ಕೊಡುತ್ತಾರೆ. ಎರಡು ವಾರದಲ್ಲಿ ಆ ಮರಿ ಎಲ್ಲರ ಜೇಬು ತಡಕುತ್ತದೆ, ಸಿಗದಿದ್ದರೆ ಹಲ್ಲು ಹಾಕುತ್ತದೆ. ಕೊಡಲೇಬೇಕು ಅನ್ನಿಸಿದರೆ ಬಕೆಟ್‌ನಲ್ಲಿ ಹಾಕಿ. ಬಹುಮಾನವಾಗಿ ಕೊಡುವುದಾದರೆ ಮಾಡಿದ ಕೆಲಸದ ಹಿಂದೆಯೇ ಕೊಡಿ, ಅದೂ ಅದು ಮುಖ ಆಚೆ ಇಟ್ಟುಕೊಂಡಾಗ ಮಾತ್ರ.

ಗಂಡುಮರಿಗಳು ಆಟಕ್ಕೂ ಕಚ್ಚುತ್ತವೆ. ಅದಕ್ಕೆ ಮೂತಿಗೆ ಹೊಡೆದರೆ ಅವಕ್ಕೆ ಅದೂ ಆಟವೇ, ಮುಂದಿನ ಸಲ ಕಚ್ಚಿ ತಲೆ ಹಿಂದಕ್ಕೆ ಎಳೆದುಕೊಳ್ಳುವುದನ್ನು ಕಲಿಯುತ್ತವೆ. ಮೂತಿ ಹತ್ತಿರ ಬಂದ ಕೂಡಲೇ ಕೆಲಸ ಕೊಡಿ: ನಾಲ್ಕು ಹೆಜ್ಜೆ ಹಿಂದೆ ಸರಿಸಿ. ತಳಿಗೆ ಬೇಕಿಲ್ಲದಿದ್ದರೆ ಒಂದೆರಡು ವರ್ಷದೊಳಗೆ ಬೀಜ ತೆಗೆಸುವುದು ಒಳ್ಳೆಯದು. ಮೊದಲ ಸಲ ಕುದುರೆ ಇಡುವವರಿಗೆ ಹೋರಿಯಂಥ ಗಂಡು ಕುದುರೆ ಬೇಡವೇ ಬೇಡ.

ಕಾಲು ಎತ್ತಿ ಕೊಡುವುದಿಲ್ಲ. ಲಾಳದವನು ಬಂದ ದಿನ ಯುದ್ಧ.

ಲಾಳದವನು ಬರುವ ದಿನ ಕಲಿಸುವ ದಿನವಲ್ಲ. ಗೊರಸು ಕೆತ್ತಿಸುವುದು ಆರರಿಂದ ಎಂಟು ವಾರಕ್ಕೊಮ್ಮೆ. ನಡುವಿನ ದಿನಗಳು ನಿಮ್ಮವು.

ಭುಜದ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಕೈಯನ್ನು ಭುಜದಿಂದ ಶುರು ಮಾಡಿ ಕಾಲಿನ ಉದ್ದಕ್ಕೂ ಇಳಿಸಿ. ದಿಢೀರನೆ ಕಾಲಿನ ಕೆಳಗೆ ಮುಟ್ಟಬೇಡಿ, ಕಾಲು ಹಿಡಿಯುವುದು ಅಂದರೆ ಕುದುರೆಗೆ ಓಡುವ ದಾರಿ ಮುಚ್ಚಿದಂತೆ. ಕೈ ಇಳಿಸುವಾಗ ಎಲ್ಲಿ ನಡುಗಿತೋ ಅಲ್ಲಿಗೇ ನಿಲ್ಲಿಸಿ, ನಡುಕ ನಿಂತ ಮೇಲೆ ಕೈ ತೆಗೆಯಿರಿ. ಮುಂಗಾಲಿನ ಮಂಡಿಯ ಮೇಲೆ, ಒಳಬದಿಯಲ್ಲಿ, ಒಣಗಿದ ತೊಗಟೆಯಂಥ ಒಂದು ಗಂಟು ಇದೆ. ಅದನ್ನು ಮೆಲ್ಲಗೆ ಹಿಸುಕಿದರೆ ಸಾಮಾನ್ಯವಾಗಿ ಕಾಲು ಎತ್ತುತ್ತದೆ. ಎತ್ತಿದರೆ ಎರಡು ಸೆಕೆಂಡ್ ಹಿಡಿದು, ಅದು ಕಿತ್ತುಕೊಳ್ಳುವ ಮೊದಲೇ ನೀವೇ ಕೆಳಗಿಡಿ. ಬೀಳಿಸಬೇಡಿ, ಇಡಿ. ನಾಳೆ ಮೂರು ಸೆಕೆಂಡ್. ಹತ್ತು ದಿನದ ಮೇಲೆ ಗೊರಸಿನ ತಳವನ್ನು ಕಲ್ಲಿನಿಂದ ಹತ್ತಾರು ಸಲ ಮೆಲ್ಲಗೆ ಕುಟ್ಟಿ, ಸುತ್ತಿಗೆ ಸದ್ದು ಹೊಸದಾಗಬಾರದು.

ಹಿಂಗಾಲಿಗೆ ಹೋಗುವಾಗ ಒಂದು ಕೈ ಸದಾ ಅದರ ಪಿರ್ರೆಯ ಮೇಲೆ ಇರಲಿ, ಮೈಗೆ ಅಂಟಿಕೊಂಡು ನಿಲ್ಲಿ. ಹತ್ತಿರ ನಿಂತರೆ ಒದೆತ ಬರೀ ತಳ್ಳುತ್ತದೆ. ಮೂರು ಅಡಿ ದೂರ ನಿಂತರೆ ಮೂಳೆ ಮುರಿಯುತ್ತದೆ.

ಕಟ್ಟಿಹಾಕಿ ಬಿಟ್ಟರೆ ತಾನೇ ಕಲಿಯುತ್ತದೆ ಅನ್ನುತ್ತಾರೆ. ಹೌದಾ?

ಚುಕ್ಕಿಗಿಂತ ಮುಂಚೆ ನಮ್ಮಲ್ಲಿ ಒಂದು ಕೆಂದು ಗಂಡುಮರಿ ಇತ್ತು. ನನಗೂ ಯಾರೋ ಹೀಗೇ ಹೇಳಿದ್ದರು. ತೋಟದ ಕಬ್ಬಿಣದ ಗೇಟಿಗೆ ಕಟ್ಟಿ ಕಾಫಿ ಕುಡಿಯಲು ಒಳಗೆ ಹೋದೆ. ಲೋಟ ಎತ್ತುವಷ್ಟರಲ್ಲಿ ಸದ್ದು. ಹೊರಗೆ ಬಂದು ನೋಡಿದರೆ ಗೇಟಿನ ಒಂದು ರೆಕ್ಕೆ ಕೀಲಿನಿಂದ ಕಳಚಿದೆ, ಮರಿ ಅದನ್ನು ಎಳೆದುಕೊಂಡು ಓಡುತ್ತಿದೆ, ಗೇಟು ಹಿಂದೆ ಬಡಿದಷ್ಟೂ ಅದಕ್ಕೆ ಭಯ ಜಾಸ್ತಿ, ಭಯವಾದಷ್ಟೂ ಓಟ ಜಾಸ್ತಿ. ಬಾಳೆ ತೋಟದಲ್ಲಿ ಸಿಕ್ಕಿಕೊಂಡು ನಿಂತಿತು. ಹಿಂಗಾಲಿಗೆ ಹನ್ನೊಂದು ಹೊಲಿಗೆ. ಗಾಯ ತಿಂಗಳಲ್ಲಿ ಮಾಯಿತು. ಕಬ್ಬಿಣದ ಸದ್ದಿನ ಭಯ ಎರಡು ವರ್ಷವಾದರೂ ಹೋಗಲಿಲ್ಲ.

ಹಗ್ಗ ಬಿಗಿದರೆ ಮುಂದಕ್ಕೆ ಬಂದು ಸಡಿಲ ಮಾಡಿಕೊಳ್ಳಬೇಕು ಎಂದು ಮೊದಲು ನಿಮ್ಮ ಕೈಯಲ್ಲಿ ಕಲಿತಿರಬೇಕು. ಆಮೇಲೆ ಕಂಬಕ್ಕೆ ಕಟ್ಟುವುದು. ಕಂಬ ನೆಲದಲ್ಲಿ ಗಟ್ಟಿಯಾಗಿ ಹೂತಿರಲಿ. ಕಟ್ಟುವ ಎತ್ತರ ಕುದುರೆಯ ಬೆನ್ನಿನ ಉಬ್ಬಿನಷ್ಟು ಅಥವಾ ಇನ್ನೂ ಸ್ವಲ್ಪ ಮೇಲೆ, ಹಗ್ಗದ ಉದ್ದ ಒಂದು ತೋಳಿನಷ್ಟು. ಉದ್ದ ಬಿಟ್ಟರೆ ಕಾಲು ಸಿಕ್ಕಿಸಿಕೊಳ್ಳುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಕಂಬದ ಬಳೆಗೂ ಹಗ್ಗಕ್ಕೂ ನಡುವೆ ಒಂದು ಸುತ್ತು ಗೋಣಿದಾರ ಕಟ್ಟಿ; ಭಯಬಿದ್ದು ಪೂರ್ತಿ ಬಲ ಹಾಕಿದರೆ ದಾರ ಹರಿಯುತ್ತದೆ, ಕುತ್ತಿಗೆ ಉಳಿಯುತ್ತದೆ. ಮತ್ತೆ, ಕಾಫಿ ಲೋಟವನ್ನು ಕುದುರೆ ಹತ್ತಿರವೇ ತಂದುಕೊಳ್ಳಿ.

ಪ್ಲಾಸ್ಟಿಕ್ ಚೀಲ, ಆಟೋ, ಪಟಾಕಿಗೆ ಬೆದರುತ್ತದೆ.

ಒಮ್ಮೆಲೇ ತಂದು ಮೈಮೇಲೆ ಬೀಸಿ "ಅಭ್ಯಾಸ" ಮಾಡಿಸುವುದು ಬೇಡ. ಓಡಲು ದಾರಿಯಿಲ್ಲದೆ ಸುಮ್ಮನೆ ನಿಂತ ಕುದುರೆಗೂ, ಭಯ ಹೋಗಿ ಸುಮ್ಮನೆ ನಿಂತ ಕುದುರೆಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿನ ಮೇಲೆ ಸುಕ್ಕು, ಬಿಗಿದ ಗಲ್ಲ, ಹಿಡಿದ ಉಸಿರು ಇದೆಯಾ ಹತ್ತಿರದಿಂದ ನೋಡಿ, ಇದ್ದರೆ ಭಯ ಹೋಗಿಲ್ಲ.

ದೂರದಿಂದ ಶುರು ಮಾಡಿ. ಚೀಲವನ್ನು ಕೋಲಿಗೆ ಕಟ್ಟಿ, ನೀವು ಮುಂದೆ ನಡೆಯಿರಿ, ಕುದುರೆ ಹಿಂದೆ ಬರಲಿ. ಭಯದ ವಸ್ತು ತನ್ನಿಂದ ದೂರ ಹೋಗುತ್ತಿದ್ದರೆ ಕುದುರೆಗೆ ಕುತೂಹಲ ಹುಟ್ಟುತ್ತದೆ. ನಾಲ್ಕು ದಿನದಲ್ಲಿ ತಾನೇ ಮೂಸಲು ಬರುತ್ತದೆ.

ಮೈಸೂರಿನಲ್ಲಿ ದಸರೆಗೆ ಮುಂಚೆ ಕುಶಾಲತೋಪು ಹಾರಿಸುವ ತಾಲೀಮು ನಡೆಯುತ್ತದೆ. ಆನೆಗಳ ಜೊತೆ ಅಶ್ವಾರೋಹಿ ದಳದ ಕುದುರೆಗಳನ್ನೂ ಕರೆತಂದು ನಿಲ್ಲಿಸುತ್ತಾರೆ. ಜಂಬೂಸವಾರಿಯ ದಿನ 21 ಕುಶಾಲತೋಪಿನ ಸದ್ದು ಕೇಳಿದಾಗ ಅದು ಮೊದಲ ಸಲವಾಗಬಾರದಲ್ಲ. ಪಳಗಿದ ಕುದುರೆಗಳಿಗೇ ಪ್ರತಿ ವರ್ಷ ಇಷ್ಟು ಮಾಡುತ್ತಾರೆ ಅಂದರೆ, ನಿಮ್ಮ ಮರಿ ದೀಪಾವಳಿಗೆ ಹೆದರುವುದರಲ್ಲಿ ತಪ್ಪೇನಿದೆ? ಆ ಮೂರು ದಿನ ಒಳಗೆ ಕಟ್ಟಿ, ಜೊತೆಗೆ ಇನ್ನೊಂದು ಕುದುರೆ ಇರಲಿ, ಪಾಠಕ್ಕೆ ರಜೆ ಕೊಡಿ.

ಉದ್ದ ಹಗ್ಗದಲ್ಲಿ ಸುತ್ತು ಓಡಿಸಬಹುದಾ?

ಮೂರು ವರ್ಷದ ಒಳಗೆ ಬೇಡ, ಅಥವಾ ತೀರಾ ಕಡಿಮೆ. ಚಿಕ್ಕ ವೃತ್ತದಲ್ಲಿ ಓಡುವಾಗ ಒಳಗಾಲಿನ ಕೀಲಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಬಲಿಯದ ಮೂಳೆಗೆ ಅದು ಕೆಟ್ಟದ್ದು. "ಸುಸ್ತು ಮಾಡಿದರೆ ಮಾತು ಕೇಳುತ್ತದೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸುಸ್ತಾದ ಕುದುರೆ ಕಲಿಯುವುದಿಲ್ಲ. ಅದೂ ಅಲ್ಲದೆ ದಿನಾ ಓಡಿಸಿದರೆ ನಿಮಗಿಂತ ಅದಕ್ಕೇ ಶಕ್ತಿ ಹೆಚ್ಚುತ್ತದೆ. ಮಾಡಿಸಲೇಬೇಕಾದರೆ ಹದಿನೈದು ಇಪ್ಪತ್ತು ಮೀಟರ್ ಅಗಲದ ವೃತ್ತ, ಮೆತ್ತನೆಯ ನೆಲ, ನಡಿಗೆಯಲ್ಲಿ, ಐದು ನಿಮಿಷ, ಎರಡೂ ದಿಕ್ಕಿಗೆ.

ಕುದುರೆಗಳನ್ನು ಸುತ್ತು ಹಾಕಿಸುವುದು ಬಹಳ ಹಳೆಯ ವಿದ್ಯೆ. ಸುಮಾರು 3,400 ವರ್ಷದ ಹಿಂದೆ ಕಿಕ್ಕುಲಿ ಅನ್ನುವ, ಮಿತನ್ನಿ ಎಂಬ ಹಳೆಯ ರಾಜ್ಯದ ಕುದುರೆ ಪಳಗಿಸುವವನು ರಥದ ಕುದುರೆಗಳಿಗೆ ದಿನವಹಿ ಪಾಠ ಬರೆಸಿದ್ದ. ಆ ಮಣ್ಣಿನ ಹಲಗೆಗಳು ಈಗಿನ ಟರ್ಕಿಯಲ್ಲಿ ಸಿಕ್ಕಿವೆ. ಅದರಲ್ಲಿ ಒಂದು ಸುತ್ತಿಗೆ "ಐಕ ವರ್ತನ್ನ", ಐದು ಸುತ್ತಿಗೆ "ಪಂಜ ವರ್ತನ್ನ", ಏಳಕ್ಕೆ "ಸತ್ತ ವರ್ತನ್ನ" ಎಂದಿದೆ. ಏಕ, ಪಂಚ, ಸಪ್ತ ಕೇಳಿದಂತೆ ಇಲ್ಲವೇ? ಆದರೆ ಅವನದು ಬಲಿತ ಕುದುರೆಗಳನ್ನು ಯುದ್ಧಕ್ಕೆ ಅಣಿ ಮಾಡುವ ಕೆಲಸ. ನಿಮ್ಮದಲ್ಲ.

ಹೊಡೆಯದೆ ಪಳಗಿಸಲು ಆಗುತ್ತದಾ?

ಆಗುತ್ತದೆ. ಕೋಲು ಬಳಸುತ್ತೇವೆ, ಕೈ ಮುಟ್ಟದ ಜಾಗ ಮುಟ್ಟಲು. ಸಿಟ್ಟು ಬಂದರೆ ಹಗ್ಗ ಬಿಚ್ಚಿ ಮನೆಗೆ ಬನ್ನಿ.

ದಿನಕ್ಕೆ ಎಷ್ಟು ಹೊತ್ತು?

ಹತ್ತರಿಂದ ಹದಿನೈದು ನಿಮಿಷ. ಒಂದು ವರ್ಷದೊಳಗಿನ ಮರಿಗೆ ಐದು ನಿಮಿಷವೇ ಸಾಕು. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ದಿನಾ ಮಾಡಲೇಬೇಕು ಅಂತಿಲ್ಲ, ಕುದುರೆಗಳು ಎರಡು ದಿನ ಬಿಟ್ಟು ಬಂದರೆ ಮರೆಯುವುದಿಲ್ಲ, ಎಷ್ಟೋ ಸಲ ಹಿಂದಿನ ದಿನಕ್ಕಿಂತ ಚೆನ್ನಾಗಿ ಮಾಡುತ್ತವೆ. "ಇವತ್ತು ತುಂಬಾ ಚೆನ್ನಾಗಿ ಮಾಡಿತು, ಇನ್ನೊಂದು ಸಲ ಮಾಡಿಸೋಣ" ಅನ್ನಿಸುತ್ತದಲ್ಲ, ನಿಲ್ಲಿಸಬೇಕಾದ ಹೊತ್ತು ಅದೇ. ನಾನು ಇವತ್ತಿಗೂ ಒಂದು ಸಲ ಜಾಸ್ತಿ ಮಾಡಿಸುತ್ತೇನೆ, ಪ್ರತಿ ಸಲ ಕೆಡಿಸಿಕೊಳ್ಳುತ್ತೇನೆ.

ರೇಸಿನಿಂದ ನಿವೃತ್ತಿಯಾದ ಕುದುರೆ ಅಗ್ಗಕ್ಕೆ ಸಿಗುತ್ತಿದೆ. ಅದಕ್ಕೂ ಇದೇ ಪಾಠವಾ?

ಅದು ಹಸಿ ಕುದುರೆಯಲ್ಲ, ಬೇರೆ ಪಾಠ ಕಲಿತ ಕುದುರೆ. ಕುಣಿಗಲ್‌ನಂಥ ಸ್ಟಡ್ ಫಾರ್ಮುಗಳಲ್ಲಿ ಹುಟ್ಟಿದ ಥರೋಬ್ರೆಡ್ ಎರಡನೇ ವರ್ಷಕ್ಕೇ ಜೀನು, ಸವಾರ, ಲಾರಿ ಪ್ರಯಾಣ ಎಲ್ಲ ನೋಡಿರುತ್ತದೆ. ಕಾಲು ಕೊಡುತ್ತದೆ, ಮೈ ತೊಳೆಸಿಕೊಳ್ಳುತ್ತದೆ. ಆದರೆ ಕಡಿವಾಣ ಬಿಗಿದರೆ ಜೋರಾಗಿ ಓಡಬೇಕು ಎಂದು ಕಲಿತಿರುತ್ತದೆ. ನಾವು ಕಲಿಸುವುದು ಅದರ ತಿರುಗುಮುರುಗು. ಒಂದೆರಡು ತಿಂಗಳು ಸುಮ್ನೆ ಮೇಯಲು ಬಿಟ್ಟು, ದಾಣಿ ಇಳಿಸಿ, ಆಮೇಲೆ ಮೇಲೆ ಹೇಳಿದ್ದನ್ನೆಲ್ಲ ಮೊದಲಿನಿಂದ ಮಾಡಿ. ಮೊದಲ ಕುದುರೆಯಾಗಿ ತರಬೇಡಿ.

ದಾಣಿಗೂ ನಡವಳಿಕೆಗೂ ಸಂಬಂಧ ಇದೆಯಾ?

ಖಂಡಿತ ಇದೆ. ದಿನವೆಲ್ಲ ಲಾಯದಲ್ಲಿ ನಿಂತು ಹುರುಳಿ, ಜೋಳ ತಿನ್ನುವ ಎರಡು ವರ್ಷದ ಕುದುರೆ ಪಾಠಕ್ಕೆ ಬಂದಾಗ ಕುಣಿಯದೆ ಇನ್ನೇನು ಮಾಡುತ್ತದೆ? ಒಣ ಹುಲ್ಲು ಸದಾ ಮುಂದಿರಲಿ, ದಿನಾ ಕೆಲವು ಗಂಟೆ ಬಯಲಲ್ಲಿ, ಸಾಧ್ಯವಾದರೆ ಇನ್ನೊಂದು ಕುದುರೆಯ ಜೊತೆ ಬಿಡಿ. ದೊಡ್ಡ ಕುದುರೆಗಳು ಮರಿಗೆ ಕಲಿಸುವ ಮರ್ಯಾದೆಯನ್ನು ನಾವು ಆರು ತಿಂಗಳಾದರೂ ಕಲಿಸಲಾರೆವು.

ತರುವ ಮುಂಚೆ ಏನು ನೋಡಬೇಕು?

ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆಯ ವರದಿ ಕೇಳಿ. ಇದು ಕುದುರೆಯಿಂದ ಮನುಷ್ಯರಿಗೂ ಅಂಟುತ್ತದೆ, ಬಂದ ಕುದುರೆಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ಇದರ ಪರೀಕ್ಷೆ ಮಾಡುತ್ತದೆ. ರಕ್ತ ತೆಗೆದು ಕಳಿಸುವುದನ್ನು ನಿಮ್ಮ ಪಶುವೈದ್ಯರು ಮಾಡುತ್ತಾರೆ. ಧನುರ್ವಾಯು ಲಸಿಕೆ ಕುದುರೆಗೂ ಹಾಕಿಸಿ, ನೀವೂ ಹಾಕಿಸಿಕೊಳ್ಳಿ. ಕುದುರೆ ಲದ್ದಿ, ಮಣ್ಣು ಎರಡರಲ್ಲೂ ಆ ರೋಗಾಣು ಇರುತ್ತದೆ.

ಮಾಮೂಲಿಯಾಗಿ ಇರುವ ಕುದುರೆ ಇದ್ದಕ್ಕಿದ್ದಂತೆ ಪಾಠಕ್ಕೆ ಒಲ್ಲೆ ಅಂದರೆ ಥರ್ಮಾಮೀಟರ್ ಇಡಿ. ದೊಡ್ಡ ಕುದುರೆಗೆ ಸುಮಾರು 37.5ರಿಂದ 38.3 ಡಿಗ್ರಿ ಸೆಲ್ಸಿಯಸ್ ಸರಿ. ಮರಿಗಳದ್ದು ಸ್ವಲ್ಪ ಮೇಲಿರುತ್ತದೆ.

ಜೀನು ಯಾವಾಗ ಹಾಕುವುದು?

ಸಡಿಲ ಹಗ್ಗದಲ್ಲಿ ಪಕ್ಕದಲ್ಲಿ ನಡೆದು, ನಿಂತು, ಹಿಂದೆ ಸರಿದು, ನಾಲ್ಕೂ ಕಾಲು ಕೊಟ್ಟು, ಅರ್ಧ ಗಂಟೆ ಕಟ್ಟಿದರೆ ನಿದ್ದೆ ಮಾಡುವ ಹಾಗಾದ ಮೇಲೆ. ಮೂರು ವರ್ಷಕ್ಕಿಂತ ಮುಂಚೆ ಖಾಲಿ ಜೀನೂ ಬೇಡ, ಸವಾರ ಹತ್ತುವುದು ನಾಲ್ಕರ ಹತ್ತಿರ. ಬೆನ್ನ ಮೇಲೆ ಮೊದಲು ಮಡಚಿದ ಗೋಣಿಚೀಲ ಹಾಕಿ ಅಭ್ಯಾಸ ಮಾಡಿಸುವುದು ನಮ್ಮ ಪದ್ಧತಿ. ಚುಕ್ಕಿಗೆ ಈಗ ಅದೇ ನಡೆದಿದೆ. ಹುರುಳಿ ತಂದ ಚೀಲ. ಹಾಕಿದ ಮೊದಲ ದಿನ ಕುತ್ತಿಗೆ ತಿರುಗಿಸಿ ಚೀಲವನ್ನು ಉದ್ದಕ್ಕೂ ಮೂಸಿದಳು, ಒಳಗೆ ಹುರುಳಿ ಇಲ್ಲ ಅಂತ ಗೊತ್ತಾಯಿತು, ಅದರ ತುದಿ ಕಚ್ಚಿ ಎಳೆದು ಕೆಳಗೆ ಹಾಕಿದಳು. ಎತ್ತಿ ಮತ್ತೆ ಹಾಕಿದೆ.